ಗಲ್ಲ ತುಂಬಿಸಿಕೊಂಡು ಬರ್ರಿ

ಸಿಂದಗಿಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟಾಗ ನನ್ನ ಹತ್ತಿರ ಇದ್ದದ್ದು ಒಂದು ದೊಡ್ಡ ಕಟ್ಟಿಗೆಯ ಕ್ಯಾಮೆರಾ, ಎರಡು ದೀಪ, ತೋಟವನ್ನೂ ಮೆಟ್ಟಿಲನ್ನೂ ಬರೆದ ಒಂದು ಪರದೆ, ಫೋಟೋದಲ್ಲಿ ಕೈಗೆ ಹಿಡಿಸಲು ಎಂದೂ ಮಾತಾಡದ ಒಂದು ಟೆಲಿಫೋನು, ಮತ್ತು ಸೂಜಿಯ ಹಾಗೆ ಚೂಪು ಮಾಡಿದ ಒಂದು ಪೆನ್ಸಿಲ್. ಇವುಗಳಲ್ಲಿ ನನಗೆ ಅನ್ನ ಹಾಕುತ್ತಿದ್ದದ್ದು ಪೆನ್ಸಿಲ್ಲೇ. ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೆಣ್ಣಿನ ಫೋಟೋ ಮೊದಲು ಕಳಿಸಿ, ಗಂಡಿನವರಿಗೆ ಮನಸ್ಸಿಗೆ ಬಂದರೆ ಆಮೇಲೆ ನೋಡಲು ಬರುವ ಪದ್ಧತಿ ನಮ್ಮ ಕಡೆ ಆಗಷ್ಟೇ ಕಾಲಿಟ್ಟಿತ್ತು. ಸಂತೆಯ ದಿನ ಬಂತೆಂದರೆ ಸುತ್ತಲಿನ ಹಳ್ಳಿಗಳವರು ಉಪ್ಪು, ಎಣ್ಣೆ, ಒಣಮೆಣಸಿನಕಾಯಿ ಕೊಂಡು, ಹಾಗೇ ಮಗಳದೊಂದು ಫೋಟೋನೂ ತೆಗೆಸಿಕೊಂಡು ಬಸ್ಸು ಹತ್ತುತ್ತಿದ್ದರು.

ಪೆನ್ಸಿಲ್ ಯಾತಕ್ಕೆ ಅಂದರೆ, ಆ ಕಾಲದ ಕಪ್ಪು-ಬಿಳುಪು ನೆಗೆಟಿವ್ ಮೇಲೆ ಗಲ್ಲ ಒಳಗೆ ಹೋದ ಜಾಗದಲ್ಲಿ ಮೆಲ್ಲಗೆ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಕುಣಿ ಮುಚ್ಚಿ ಗಲ್ಲ ತುಂಬಿಕೊಂಡು ಬರುತ್ತಿತ್ತು. ಕಣ್ಣಿನ ಕೆಳಗಿನ ಕಪ್ಪು ಹೋಗುತ್ತಿತ್ತು, ಕೊರಳ ಎಲುಬು ಅಡಗುತ್ತಿತ್ತು. ಬಾಗೇವಾಡಿಯಲ್ಲಿ ನನಗೆ ಕಸುಬು ಕಲಿಸಿದ ಗುರುಗಳು "ಬ್ರಹ್ಮ ಬಿಟ್ಟಿದ್ದನ್ನ ನಾವು ತುಂಬತೇವಿ" ಎನ್ನುತ್ತಿದ್ದರು. ಬ್ರಹ್ಮ ಏನನ್ನೂ ಬಿಟ್ಟಿರಲಿಲ್ಲ. ಗಂಡಸರು ಉಂಡು, ಹುಡುಗರು ಉಂಡು, ಹಿರಿಯರು ಉಂಡು, ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿಗೆ ಒಂದಿಷ್ಟು ಖಾರ ಹಚ್ಚಿಕೊಂಡು ತಿನ್ನುವ ಹುಡುಗಿಯ ಗಲ್ಲದಲ್ಲಿ ಕುಣಿ ಬೀಳದೆ ಮತ್ತೇನು ಬೀಳಬೇಕು? ಆದರೆ ನನ್ನ ಕೈಯಲ್ಲಿ ಪೆನ್ಸಿಲ್ ಇರುವ ತನಕ ನಾನು ಆ ವಿಚಾರಕ್ಕೆ ಹೋಗಲಿಲ್ಲ.

ಒಂದು ದಿನ ಒಬ್ಬ ಅಪ್ಪ ಬಂದು ಫೋಟೋವನ್ನು ನನ್ನ ಮೇಜಿನ ಮೇಲೆ ಒಗೆದ.

"ಇಕಿ ಯಾರ್ರಿ? ನನ್ನ ಮಗಳಂತೂ ಅಲ್ಲ. ಇಂಡಿ ಕಡೆಯವರು ಬಂದು ನೋಡಿ, ಫೋಟೋದಾಗಿನ ಹುಡಿಗಿ ಎಲ್ಲಿ ಅಂತ ಕೇಳ್ಯಾರ. ಚಹಾನೂ ಕುಡೀಲಾರದ ಎದ್ದ ಹೋದ್ರು."

ಬಾಗಿಲ ಹೊರಗೆ ಆ ಹುಡುಗಿ ಸೆರಗಿನ ಅಂಚು ಕಚ್ಚಿಕೊಂಡು ನಿಂತಿದ್ದಳು. ನಾನು ಬಿಡಿಸಿದ ಗಲ್ಲದ ಪಕ್ಕದಲ್ಲಿ ಅವಳ ಗಲ್ಲವನ್ನು ನೋಡಿದೆ. ಅವತ್ತು ಪೆನ್ಸಿಲ್ಲನ್ನು ಮೇಜಿನ ಖಾನೆಯೊಳಗೆ ಹಾಕಿದೆ. ಕಣ್ಣ ರೆಪ್ಪೆಗೆ, ಬೈತಲೆಗೆ ಎಂದು ಹೊರತೆಗೆದಿದ್ದೇನೆ. ಗಲ್ಲಕ್ಕೆ ಮಾತ್ರ ಮತ್ತೆ ಮುಟ್ಟಿಸಲಿಲ್ಲ.

ಗಲ್ಲ ತುಂಬದಿದ್ದರೆ ಗಿರಾಕಿ ನಿಲ್ಲುವುದಿಲ್ಲ. ಏನು ಮಾಡುವುದೆಂದು ಕೂತಿದ್ದಾಗ ದವಾಖಾನೆಯ ನರ್ಸಬಾಯಿ ತನ್ನ ಕೆಲಸದ ಕಾಗದಕ್ಕೆ ಅಂಟಿಸಲು ಫೋಟೋ ತೆಗೆಸಲು ಬಂದಳು. ಗೋಡೆಗೆ ತೂಗುಹಾಕಿದ್ದ ಹುಡುಗಿಯರ ಫೋಟೋಗಳನ್ನು ಒಂದೊಂದಾಗಿ ನೋಡಿ, "ಇವರಿಗೆಲ್ಲ ಮೈಯಾಗ ರಕ್ತ ಇಲ್ರಿ" ಅಂದಳು. "ಹಸರ ಪಲ್ಯೆ ತಿನ್ನಂಗಿಲ್ಲ, ಕಾಳ ತಿನ್ನಂಗಿಲ್ಲ. ಶೇಂಗಾ ಹೊಲದಾಗ ಬೆಳೀತಾರ, ಬೆಲ್ಲ ಮನ್ಯಾಗ ಇರತೈತಿ, ಹೆಣ್ಹುಡುಗ್ಯಾರ ಕೈಗೆ ಮಾತ್ರ ಒಂದ ಹಿಡಿ ಬರಂಗಿಲ್ಲ. ಹೇಳಿ ಹೇಳಿ ನನ್ನ ಬಾಯಿ ಒಣಗೇತಿ. ರಕ್ತ ಕಡಿಮಿ ಐತಿ ಅಂದ್ರ, ನಮ್ಮ ಮನ್ಯಾಗ ಎಲ್ಲಾರೂ ಹಿಂಗ ಅದೇವಿ ಅಂತಾರ."

ಅವಳ ಮಾತನ್ನೇ ನಾನು ಕದ್ದೆ. ರಕ್ತ ಎನ್ನುವ ಶಬ್ದ ಒಂದನ್ನು ಬಿಟ್ಟೆ. ಮುಂದಿನ ಸಂತೆಗೆ ಒಳಗೆ ಹೋದ ಗಲ್ಲದ ಹುಡುಗಿ ಬಂದಾಗ ಅವಳನ್ನೂ ಅವಳ ತಾಯಿಯನ್ನೂ ಕನ್ನಡಿಯ ಮುಂದೆ ನಿಲ್ಲಿಸಿದೆ. "ಅಕ್ಕಾರ, ತುಟಿ ನೋಡ್ರಿ, ಗ್ವಾಡಿ ಬಣ್ಣ ಆಗ್ಯಾವ. ಫೋಟೋದಾಗ ತುಟೀನ ಕಾಣಂಗಿಲ್ಲ. ಗಲ್ಲ ನಾ ತುಂಬಂಗಿಲ್ಲ, ನೀವು ಮನ್ಯಾಗ ತುಂಬಿಸಿಕೊಂಡು ಬರ್ರಿ. ಒಂದ ತಿಂಗಳ ದಿನಾ ಪಲ್ಯೆ ನೀಡ್ರಿ, ಮಡಕಿಕಾಳ ನೀಡ್ರಿ, ಶೇಂಗಾ-ಬೆಲ್ಲ ಕೊಡ್ರಿ. ಮಾರಿಗೆ ಕಳಿ ಹೆಂಗ ಏರತೈತಿ ನೋಡ್ರಿ."

ತಾಯಿ ಪೌಡರ್ ಡಬ್ಬಿಗೆ ಕೈ ಹಾಕಿದಳು. ನಾನು ಡಬ್ಬಿಯನ್ನು ಎತ್ತಿ ಕಪಾಟಿನ ಮೇಲಿಟ್ಟೆ. ಬೈದುಕೊಂಡು ಹೋದವಳು ತಿಂಗಳಾದ ಮೇಲೆ ಬಂದಳು, ಹುಡುಗಿಯ ಮುಖ ಬೇರೆಯೇ ಆಗಿತ್ತು. ಸುದ್ದಿ ಹಬ್ಬಿತು. ರಕ್ತ ಎಂದರೆ ಅಲ್ಲಾಡದವರು ಫೋಟೋ ಎಂದರೆ ಎದ್ದು ಕೂಡುತ್ತಿದ್ದರು. ಯಾರದೋ ಮಗಳು ಕಣ್ಣು ಕತ್ತಲೆ ಬಂದು ಬಾವಿಯ ಕಟ್ಟೆಯ ಮೇಲೆ ಕೂತರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಅದೇ ಮಗಳು ಫೋಟೋದಲ್ಲಿ ಬಾಡಿದ ಹಾಗೆ ಕಂಡರೆ ಮನೆತನದ ಮಾನ ಹೋಗುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಆ ಮಾನವನ್ನೇ ಹಿಡಿದು ನಾಲ್ಕು ಹುಡುಗಿಯರ ತಾಟಿಗೆ ಪಲ್ಯ ಬೀಳುತ್ತದಾದರೆ ಬೀಳಲಿ ಅಂದುಕೊಂಡೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಅಕ್ಷರಶಃ ನಿಜವಾಗಿತ್ತು. ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ದಿನಾ ಬದನೆಕಾಯಿ, ಅದೂ ಗೋಡೆಗೆ ಮುಖ ಮಾಡಿ ಕೂತು. ಬೆಳಿಗ್ಗೆ ಚಹಾ, ಸಂಜೆ ಚಹಾ ಜೊತೆಗೆ ಮಿರ್ಚಿ ಭಜಿ. ಕೆಲವು ದಿನ ಖಾನಾವಳಿಗೂ ಹೋಗುತ್ತಿರಲಿಲ್ಲ, ಕತ್ತಲೆ ಕೋಣೆಯಲ್ಲಿ ಪ್ರಿಂಟು ತೊಳೆಯುತ್ತ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ನಾನು ಬಾಗೇವಾಡಿಯಲ್ಲಿ ಕಸುಬು ಕಲಿಯುತ್ತಿದ್ದಾಗಲೇ ಹೂವಿನ ಹಿಪ್ಪರಗಿಯಲ್ಲಿ ಅವ್ವ ತೀರಿಕೊಂಡಿದ್ದಳು. ಅಲ್ಲಿ ಅಣ್ಣನ ಮನೆ ಇತ್ತು, ನನ್ನ ಮನೆ ಇರಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ಮಣ್ಣಿನ ಗಡಿಗೆ. ಊರಿನ ಅರ್ಧ ಜನರ ಮುಖ ನನ್ನ ಗೋಡೆಯ ಮೇಲಿತ್ತು, ಬಾಗಿಲು ಹಾಕಿದ ಮೇಲೆ ಮಾತಾಡಲು ಒಬ್ಬರೂ ಇರಲಿಲ್ಲ. ಆ ಒಂಟಿತನ ನನಗೆ ರೂಢಿಯಾಗಿತ್ತು ಎಂದು ಸುಳ್ಳು ಹೇಳಲಾರೆ. ಬಹಳ ಬೇಸರವಾಗುತ್ತಿತ್ತು.

ಯಂಕಂಚಿಯ ಹುಡುಗಿ ಬಂದದ್ದು ಆಗ. ತಂದೆ-ತಾಯಿ ಇಲ್ಲದವಳು, ಕಾಕಾನ ಮನೆಯಲ್ಲಿ ಬೆಳೆದವಳು. ಕರೆದುಕೊಂಡು ಬಂದವಳು ಕಾಕು, ಎಂದರೆ ಆ ಕಾಕಾನ ಹೆಂಡತಿ. ಒಣಗಿದ ಮೈಯ, ಜೋರು ಬಾಯಿಯ ಹೆಣ್ಣುಮಗಳು. ಹುಡುಗಿಯ ಗಲ್ಲ ಕಂಡದ್ದೇ ನಾನು ನನ್ನ ಮಂತ್ರ ಹೇಳಿದೆ. ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ಮನ್ಯಾಗ ಉಣ್ಣಾಕ ಹಾಕಂಗಿಲ್ಲ ಅಂತೀ ಏನೋ ತಮ್ಮಾ?" ಅಂದಳು. "ಹಂಗಲ್ರಿ ಕಾಕು, ಫೋಟೋಕ್ಕ ಬೇರೇನ ಊಟ ಬೇಕಾಗತೈತಿ" ಅಂದೆ. ಅದು ಅವಳಿಗೆ ಒಪ್ಪಿಗೆಯಾಯಿತು. ಫೋಟೋಕ್ಕೆ ಪೌಡರ್ ಬೇಕು, ಕೈಗಡಿಯಾರ ಬೇಕು, ಹಾಗೇ ಊಟವೂ ಬೇಕು.

ತಿಂಗಳಿಗೆ ಬಂದರು. ಹುಡುಗಿಯ ಮುಖಕ್ಕೆ ನಿಜವಾಗಿಯೂ ಕಳೆ ಬಂದಿತ್ತು. ದೀಪದ ಬೆಳಕು ಕಣ್ಣು ಕುಕ್ಕುತ್ತದೆ ಎಂದು ಕಾಕು ಹೊರಗಿನ ಬೆಂಚಿನ ಮೇಲೆ, ತೆರೆದ ಬಾಗಿಲಿಗೆ ಮುಖ ಮಾಡಿ ಕೂತಳು. ನಾನು ಹುಡುಗಿಯನ್ನು ಸ್ಟೂಲಿನ ಮೇಲೆ ಕೂಡಿಸಿ, "ಗದ್ದ ಸ್ವಲ್ಪ ಮ್ಯಾಲೆ ಮಾಡು ತಂಗಿ" ಅಂದೆ. ಬಂದ ಹುಡುಗಿಯರನ್ನೆಲ್ಲ ತಂಗಿ ಎನ್ನುವುದು ನನ್ನ ಕಸುಬಿನ ಮರ್ಯಾದೆ. ಅವಳು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

"ಅಣ್ಣಾರ, ಫೋಟೋ ಕೆಟ್ಟೈತಿ ಅಂತ ಹೇಳ್ರಿ."

ನಾನು ಕ್ಯಾಮೆರಾದ ಹಿಂದಿನ ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದೆ. "ಯಾಕ?"

"ಫೋಟೋ ಕೈಗೆ ಬಂದ್ರ ನಾಳಿಂದ ಮತ್ತ ಹಿಂದಿನಂಗ. ನೀರ ತರುವಾಗ ಕಣ್ಣಕತ್ತಲಿ ಬರ್ತಿತ್ರಿ, ಈಗ ಬರವೊಲ್ದು. ಮತ್ತ..." ಅವಳು ಬಾಗಿಲ ಕಡೆ ನೋಡಿದಳು. "ಕಾಕು ಎದುರಿಗೆ ಕುಂತು ನೀಡತಾಳ್ರಿ. ಇನ್ನೊಂದ ತಗೋ ಅಂತಾಳ. ನನಗ ಯಾರೂ ಹಂಗ ಅಂದಿದ್ದಿಲ್ಲ."

ಆ ಮಾತು ನನಗೆ ತಾಗಿತು. ಇನ್ನೊಂದು ತಗೋ ಎಂದು ನನಗೂ ಅವ್ವ ಹೋದ ಮೇಲೆ ಯಾರೂ ಅಂದಿರಲಿಲ್ಲ. ನಾನು ಕೈಯಲ್ಲಿದ್ದ ರಬ್ಬರ್ ಚೆಂಡು ಒತ್ತಿದೆ. ಅದನ್ನು ಒತ್ತಿದರೆ ಕ್ಯಾಮೆರಾದ ಕಣ್ಣು ತೆರೆದು ಮುಚ್ಚುತ್ತಿತ್ತು. ಮುಂದಿನ ಸಂತೆಗೆ ಫೋಟೋ ಒಯ್ಯಲು ಬಂದ ಕಾಕುಗೆ, "ಕೆಟ್ಟೈತ್ರಿ, ಬೆಳಕ ಹೊಕ್ಕೈತಿ. ಇನ್ನೊಂದ ತಿಂಗಳ ಹಿಂಗ ಉಣಸ್ರಿ, ಇನ್ನೂ ಛಲೋ ಬರತೈತಿ" ಅಂದೆ. ಹಾಗೆ ನೋಡಿದರೆ ಅದು ನಾನು ಆ ತನಕ ತೆಗೆದ ಫೋಟೋಗಳಲ್ಲೇ ಬಹಳ ಚೆಂದದ್ದು. ಕತ್ತಲೆ ಕೋಣೆಯಲ್ಲಿ ಹಗ್ಗಕ್ಕೆ ಒಣಗಲು ಹಾಕಿದ್ದೆ.

"ಕುಣ್ಯಾಕ ಬಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ಕಾಕು ಓಣಿಗೆಲ್ಲ ಕೇಳಿಸುವ ಹಾಗೆ ಬೈದಳು. ಮರುತಿಂಗಳೂ ಫೋಟೋ ಕೆಟ್ಟಿತು. ಆಮೇಲೊಮ್ಮೆ ಹುಡುಗಿ ಕಣ್ಣು ಮುಚ್ಚಿದಳು ಎಂದೆ, ಇನ್ನೊಮ್ಮೆ ಕರೆಂಟು ಹೋಯಿತು ಎಂದೆ. ತಪ್ಪು ನನ್ನದಾದ್ದರಿಂದ ಮತ್ತೆ ದುಡ್ಡು ಕೇಳುವ ಹಾಗಿರಲಿಲ್ಲ. ಸಿಂದಗಿಯ ಪೇಟೆಯಲ್ಲಿ ನನಗೆ ಕೈಗುಣವಿಲ್ಲ ಎಂಬ ಮಾತು ಹುಟ್ಟಿತು. ಬೇರೆ ಸ್ಟುಡಿಯೋಕ್ಕೆ ಹೋಗಿಬಿಟ್ಟರೆ ಎಂದು ನನಗೆ ಹೆದರಿಕೆ. ಆದರೆ ಕೆಟ್ಟ ಫೋಟೋಕ್ಕೆ ಒಮ್ಮೆ ಕೊಟ್ಟ ದುಡ್ಡು ಬಿಟ್ಟು ಹೋಗುವ ಪೈಕಿಯವಳಲ್ಲ ಕಾಕು.

ನಿಜ ಹೇಳಬೇಕೆಂದರೆ, ಆ ಹುಡುಗಿಯ ಹೊಟ್ಟೆಗಾಗಿ ಶುರುವಾದ ಸುಳ್ಳು ನಡುವೆ ನನ್ನ ಸಲುವಾಗಿಯೂ ಆಯಿತು. ತಿಂಗಳಿಗೊಮ್ಮೆ ಅವಳು ಬರುವ ದಿನ ನಾನು ಬೆಳಿಗ್ಗೆಯೇ ಪರದೆಯ ಧೂಳು ಝಾಡಿಸುತ್ತಿದ್ದೆ. ನನಗೆ ಅವಳ ಮೇಲೆ ಮನಸ್ಸಾಗಿತ್ತು. ಅವಳು ಅನ್ನುವ ಅಣ್ಣಾರ, ನಾನು ಅನ್ನುವ ತಂಗಿ, ಎರಡೂ ಗೋಡೆಯ ಹಾಗೆ ನಡುವೆ ನಿಂತಿದ್ದವು. ದಾಟುವ ವಿಚಾರ ನನಗೆ ಬರಲೂ ಇಲ್ಲ; ನನ್ನ ಮುಂದೆ ಮಗಳನ್ನು ಕೂಡಿಸಿ ನಂಬಿ ಹೊರಗೆ ಕೂಡುವ ತಾಯಂದಿರ ಊರಲ್ಲಿ ಅದು ಆಗುವ ಮಾತಲ್ಲ. ಅವಳು ಸ್ಟೂಲಿನ ಮೇಲೆ ಕೂತಷ್ಟು ಹೊತ್ತು ನನ್ನ ಮನೆಗೆ ಯಾರೋ ಬಂದಿದ್ದಾರೆ ಅನಿಸುತ್ತಿತ್ತು, ಅಷ್ಟೇ. ಬಸ್ಸು ಹೋದ ಮೇಲೆ ಸ್ಟೂಲು ಖಾಲಿ ಉಳಿಯುತ್ತಿತ್ತು.

ಒಂದು ಸಂತೆಗೆ ಬಂದವಳು ಕೂತ ಕೂಡಲೇ ಹೇಳಿದಳು. "ಸಾಕ್ರಿ ಅಣ್ಣಾರ. ಈ ಸಲದ್ದು ಛಲೋ ಬಂದೈತಿ ಅಂತ ಕೊಟ್ಟಬಿಡ್ರಿ."

"ಯಾಕ, ಲಗ್ನದ ಅವಸರ ಏನ?"

ಅವಳು ನಗಲಿಲ್ಲ. "ನನಗ ನೀಡೂದು ಕಾಕು ತನ್ನ ಪಾಲಿಂದ ತಗದ ನೀಡಾಕತ್ತಾಳ್ರಿ. ಗಂಡಸರದು ಮುಟ್ಟಂಗಿಲ್ಲಲ್ಲ. ತಾನು ಬರೇ ರೊಟ್ಟಿ-ಖಾರ ತಿಂತಾಳ. ಮೊನ್ನೆ ಬೀಸಾಕ ಕುಂತಾಕಿ ಎದ್ದ ನಿಲ್ಲಾಕ ಆಗಲಿಲ್ಲ. ಗ್ವಾಡಿ ಹಿಡದ ನಿಂತಳು."

ನಾನು ತೆರೆದ ಬಾಗಿಲ ಮೂಲಕ ಹೊರಗೆ ನೋಡಿದೆ. ಕಾಕು ಬೆಂಚಿನ ಮೇಲೆ ಸಂತೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಲೆಯನ್ನು ಕಂಬಕ್ಕೆ ಆನಿಸಿ ಕಣ್ಣು ಮುಚ್ಚಿದ್ದಳು. ಅವಳ ತುಟಿಗಳು ನನ್ನ ಸುಣ್ಣದ ಗೋಡೆಗಿಂತ ಬಿಳುಪಾಗಿದ್ದವು. ಮುಖ ನೋಡಿ ಬದುಕುವವನು ನಾನು. ಅಷ್ಟು ತಿಂಗಳಿಂದ ಬರುತ್ತಿದ್ದ ಆ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಯಾಕೆಂದರೆ ಅದು ಫೋಟೋಕ್ಕೆ ಕೂಡುವ ಮುಖ ಆಗಿರಲಿಲ್ಲ.

ಬೈಗುಳ ಮಾತ್ರ ಕೇಳಿಸಿಕೊಂಡಿದ್ದೆ. ಇನ್ನೊಬ್ಬರು ಹೆತ್ತ ಹುಡುಗಿಯ ಎದುರು ಕೂತು ತನ್ನ ತಾಟಿನದನ್ನು ಎತ್ತಿ ನೀಡುವ ಹೆಂಗಸು ಆ ಬೈಗುಳದ ಹಿಂದೆ ಇದ್ದಾಳೆ ಎಂದು ತಿಳಿದಿರಲಿಲ್ಲ. ದುಃಖವೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹೊರಗೆ ಹೋಗಿ ಅವಳ ಎದುರು ನಿಂತೆ.

"ಕಾಕು, ಒಂದ ಮಾತ ಹೇಳೂದ ಮರ್ತಿದ್ದೆ. ಈಗ ಹುಡಿಗಿ ಒಬ್ಬಾಕೀದ ಫೋಟೋ ಕಳಸಿದ್ರ ನಡಿಯಂಗಿಲ್ಲ. ಬೆಳಸಿದಾಕಿ ಜೋಡಿ ಕೂಡಬೇಕು. ಬೀಗರು ಮೊದಲ ಹಿರೇರ ಮಾರಿ ನೋಡತಾರ, ಮನೆತನ ಹೆಂಗೈತಿ ಅಂತ."

"ನನ್ನ ಮಾರಿ ಯಾರ ನೋಡ್ತಾರೋ? ನಂದೇನ ಮತ್ತೊಂದ ಲಗ್ನಾ ಮಾಡಾಂವ ಅದೀ ಏನ?"

ನಾನು ಅವಳನ್ನು ಕನ್ನಡಿಯ ಮುಂದೆ ಕರೆತಂದೆ. ಹುಡುಗಿ ಪಕ್ಕದಲ್ಲಿ ಬಂದು ನಿಂತಳು. ಅವರಿಬ್ಬರೂ ಒಟ್ಟಿಗೆ ಕನ್ನಡಿ ನೋಡಿದ್ದು ಅದೇ ಮೊದಲಿರಬೇಕು. ಕಾಕು ಮೊದಲು ಹುಡುಗಿಯ ಮುಖ ನೋಡಿದಳು, ಆಮೇಲೆ ತನ್ನದು. ಸೆರಗನ್ನು ಮುಂದೆ ಎಳೆದುಕೊಂಡಳು.

"ಹಿಂಗ ಕುಂತ್ರ, ಈ ಮನ್ಯಾಗ ಹೆಣ್ಮಕ್ಕಳಿಗೆ ಉಣ್ಣಾಕ ಹಾಕಂಗಿಲ್ಲ ಅಂತ ತಿಳೀತಾರ್ರಿ" ಅಂದೆ. "ಕಾಕಾರಿಗೆ ಹೇಳ್ರಿ, ಫೋಟೋದವ ಹಿಂಗಂದ, ಮನೆತನದ ಮಾನದ ಪ್ರಶ್ನೆ ಐತಿ ಅಂತ. ಒಂದ ತಿಂಗಳ ಇಬ್ಬರೂ ಗಲ್ಲ ತುಂಬಿಸಿಕೊಂಡು ಬರ್ರಿ."

ಆ ತಿಂಗಳು ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕಾಕಾ ಒಪ್ಪುತ್ತಾನೋ, ನಕ್ಕು ಬಿಡುತ್ತಾನೋ? ಕಾಕು ಮತ್ತೆ ತನ್ನದನ್ನೇ ಎತ್ತಿ ನೀಡಿದರೆ? ಹೇಳಿದ ದಿನ ಬಸ್ಸು ಬರುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಇಬ್ಬರೂ ಬಂದರು. ಕಾಕುನ ಗಲ್ಲ ಪೂರ್ತಿ ತುಂಬಿರಲಿಲ್ಲ, ಆದರೆ ತುಟಿಗೆ ಬಣ್ಣ ತಿರುಗಿತ್ತು, ನಡಿಗೆಯಲ್ಲಿ ಕಸುವಿತ್ತು. ಬಂದವಳೇ ನನ್ನ ಪರದೆ ಹಳೆಯದಾಗಿದೆ ಎಂದು ಬೈದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಬೈಗುಳವನ್ನು ಇನ್ನೊಮ್ಮೆ ಕೇಳಬೇಕು ಅನಿಸಿತು.

"ಈಗ ಕಾಕಾ ಸಂತಿಯಿಂದ ತಾನ ಪಲ್ಯೆ ತರತಾನ್ರಿ" ಅಂತ ಹುಡುಗಿ ಹೇಳಿದಳು. "ಇಬ್ಬರೂ ಎದುರಬದುರ ಕುಂತ ಉಣ್ತೇವಿ. ಅಕಿ ನನಗ ತಗೋ ಅಂತಾಳ, ನಾ ಅಕಿಗೆ ತಗೋ ಅಂತೇನಿ."

ಜೋಡಿ ಫೋಟೋ ತೆಗೆದೆ. ಹುಡುಗಿಯದು ಒಬ್ಬಳದೂ ತೆಗೆದೆ. ಈ ಸಲ ಕೆಡುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು; ಕಾಕುಗೂ ಗೊತ್ತಿತ್ತು ಎಂದು ಅವಳು ನನ್ನ ಕಡೆ ನೋಡಿ ನಕ್ಕ ರೀತಿಯಲ್ಲಿ ತಿಳಿಯಿತು. ದೀಪ ಆರಿಸಲು ಹೋದಾಗ ಹುಡುಗಿ ಸ್ಟೂಲಿನಿಂದ ಎದ್ದು ಕೇಳಿದಳು.

"ನಿಮ್ಮ ಫೋಟೋ ಯಾರ ತಗದಾರ್ರಿ ಅಣ್ಣಾರ?"

"ಯಾರೂ ಇಲ್ಲ" ಅಂದೆ.

"ಕೂಡ್ರಿ. ಚೆಂಡ ಒತ್ತೂದಷ್ಟ ಹೌದಿಲ್ಲೋ?"

ಕಾಕು ಕೂಡ, "ಕೂಡೋ ತಮ್ಮಾ, ಹುಡಿಗಿ ಅಷ್ಟ ಅನ್ನಾಕತ್ತೈತಿ" ಅಂದಳು. ನಾನು ಕ್ಯಾಮೆರಾ ಹೊಂದಿಸಿಟ್ಟು, ಚೆಂಡನ್ನು ಹುಡುಗಿಯ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಆ ಕೋಣೆಯನ್ನು ನಾನು ಎಂದೂ ನೋಡಿರಲಿಲ್ಲ. ಬೆಳಕು ಬಹಳ ಕುಕ್ಕುತ್ತದೆ. ಎದುರಿಗೆ ನಿಂತವರು ಸರಿಯಾಗಿ ಕಾಣುವುದಿಲ್ಲ. "ಗದ್ದ ಸ್ವಲ್ಪ ಮ್ಯಾಲೆ ಮಾಡ್ರಿ" ಎಂದು ಕತ್ತಲೆಯಿಂದ ಅವಳ ಧ್ವನಿ ಬಂತು.

ಮುಂದಿನ ಸಂತೆಗೆ ಫೋಟೋ ಒಯ್ಯಲು ಇಬ್ಬರೂ ಬಂದರು. ತಮ್ಮವನ್ನು ನೋಡಿ ಕಾಕು ಸೆರಗಿನಿಂದ ಒರೆಸಿ ಚೀಲದೊಳಗೆ ಇಟ್ಟಳು. "ನಿಮ್ದ ತೋರಸ್ರಿ" ಎಂದು ಹುಡುಗಿ ಹಟ ಹಿಡಿದಳು. ತೋರಿಸಿದೆ. ಪೆನ್ಸಿಲ್ ಮುಟ್ಟಿಸಿರಲಿಲ್ಲ. ಎರಡೂ ಕಡೆ ಕುಣಿ ಬಿದ್ದ ಗಲ್ಲ, ಒಳಗೆ ಹೋದ ಕಣ್ಣು, ಗೋಡೆ ನೋಡುತ್ತ ಊಟ ಮಾಡುವವನ ಮುಖ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನದೇ ದನಿಯನ್ನು ಅಣಕಿಸುತ್ತ ಹೇಳಿದಳು.

"ಇದು ನಡಿಯಂಗಿಲ್ರಿ ಅಣ್ಣಾರ. ತುಟೀನ ಕಾಣವೊಲ್ವು. ಒಂದ ತಿಂಗಳ ಮನ್ಯಾಗ ಉಂಡು ಗಲ್ಲ ತುಂಬಿಸಿಕೊಂಡು ಬರ್ರಿ. ಮತ್ತ ತಗೀತೇನಿ."

ಕಾಕು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಕೂತೆ. ಮನ್ಯಾಗ ಎಂದು ಅವಳು ಎಷ್ಟು ಸಹಜವಾಗಿ ಅಂದಳು. ಎಲ್ಲರಿಗೂ ಒಂದು ಮನೆ ಇರುತ್ತದೆ ಎಂದು ನಾನೂ ಅಷ್ಟೇ ಸಹಜವಾಗಿ ಎಷ್ಟು ಜನರಿಗೆ ಅಂದಿದ್ದೆನೋ.

ಆದರೆ ಅವಳು ಹೇಳಿದ್ದಳಲ್ಲ, ಒಂದು ಸೀಮೆಎಣ್ಣೆ ಸ್ಟೋವ್ ತಂದೆ. ಮೆಂತ್ಯಪಲ್ಯ ಮಾಡಿದೆ, ಮೊದಲ ಸಲ ಸೀದು ಹೋಯಿತು. ಮಡಕಿಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆ. ಕತ್ತಲೆ ಕೋಣೆಗೆ ಹೋಗುವಾಗ ಅಂಗಿಯ ಕಿಸೆಯಲ್ಲಿ ಶೇಂಗಾ-ಬೆಲ್ಲ ಇರುತ್ತಿತ್ತು. ಖಾನಾವಳಿಯ ಗೋಡೆ ಬಿಟ್ಟು ಸ್ಟುಡಿಯೋದ ಕನ್ನಡಿಯ ಎದುರು ಕೂತು ಉಂಡೆ; ಎದುರಿಗೆ ಒಬ್ಬನಾದರೂ ಇರಲಿ ಎಂದು. "ಇನ್ನೊಂದ ತಗೋ" ಎಂದು ಅವನಿಗೆ ಹೇಳಿ ನೋಡಿದೆ, ನಾಚಿಕೆಯಾಯಿತು. ಆದರೂ ತೆಗೆದುಕೊಂಡೆ.

ಹುಡುಗಿಯ ಫೋಟೋ ಮುದ್ದೇಬಿಹಾಳ ಕಡೆಯ ಒಂದು ಮನೆಗೆ ಹೋಗಿ, ಅವರು ಬಂದು ನೋಡಿ, ಫೋಟೋದಾಗಿನ ಹುಡುಗಿಯೇ ಎದುರಿಗೆ ಕೂತಿದ್ದರಿಂದ ಚಹಾ ಕುಡಿದು, ಮಾತು ಮುಗಿಸಿಯೇ ಎದ್ದರಂತೆ. ಲಗ್ನದ ಸುದ್ದಿ ಹೇಳಲು ಕಾಕು ಒಬ್ಬಳೇ ಬಂದಳು, ಒಂದು ಗಂಟು ಶೇಂಗಾ ಹೋಳಿಗೆ ತಂದಿದ್ದಳು. ನನ್ನನ್ನು ನೋಡಿ, "ಮಾರಿ ತುಂಬೈತಲ್ಲೋ ತಮ್ಮಾ" ಅಂದಳು.

ಆ ದಿನ ಅವಳು ಹೋದ ಮೇಲೆ ದೀಪ ಹಚ್ಚಿ, ಕ್ಯಾಮೆರಾ ಹೊಂದಿಸಿ, ಸ್ಟೂಲಿನ ಮೇಲೆ ಕೂತೆ. ಗದ್ದ ಸ್ವಲ್ಪ ಮೇಲೆ ಮಾಡಿದೆ. ಚೆಂಡಿನ ಕೊಳವೆ ಉದ್ದವಿತ್ತು, ಕೂತಲ್ಲಿಂದ ನಾನೇ ಒತ್ತಿಕೊಳ್ಳಬಹುದಿತ್ತು. ಒತ್ತಲಿಲ್ಲ. ಮತ್ತ ತಗೀತೇನಿ ಎಂದವಳು ಆ ಹುಡುಗಿ. ಗಲ್ಲ ತುಂಬಿದ ನನ್ನ ಫೋಟೋ ಇವತ್ತಿಗೂ ಇಲ್ಲ.